ಮುತ್ತಜ್ಜನ ಕೋವಿಗೆ ಪಾಲಿಶ್ ಮಾಡಿಸಲು ಹೋಗಿ ಕೆಟ್ಟೆ

ಬರೆಯಲು ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ. ಆಯುಧ ಪೂಜೆ ಮಾಡುವ ನಮ್ಮ ಕೈಲ್ ಪೊಳ್ದ್ ಹಬ್ಬ ಹತ್ತಿರ ಬಂದರೆ ಕೊಡಗಿನ ಮನೆಗಳಲ್ಲಿ ಕೋವಿ ಹೊರಗೆ ಬರುತ್ತದೆ. ‘ಸ್ವಲ್ಪ ಹೊಳಪು ಮಾಡಿಸೋಣ’ ಅಂತ ನನ್ನ ಹಾಗೆ ಇನ್ನೊಬ್ಬ ಪೆದ್ದ ಯೋಚಿಸುತ್ತಲೇ ಇರುತ್ತಾನೆ.

ನಮ್ಮದು ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾಡಿದ ಜೋಡುನಳಿಗೆ ಕೋವಿ. 12 ಬೋರ್, ಹೊರಗೆ ಎರಡು ಕುದುರೆ, ಅಂದರೆ ಗುಂಡು ಹೊಡೆಯುವಾಗ ಬಡಿಯುವ ಸುತ್ತಿಗೆ. ನಳಿಗೆ ಡಮಾಸ್ಕಸ್. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹುರಿಮಾಡಿ, ಸುತ್ತಿ, ಬೆಸೆದದ್ದು. ಮೇಲೆಲ್ಲ ನೀರಿನ ಅಲೆಯಂಥ ಗೆರೆ. ಚಿಕ್ಕವನಿದ್ದಾಗ ಅದರ ಮೇಲೆ ಬೆರಳಾಡಿಸಿ ಬೈಸಿಕೊಂಡಿದ್ದೇನೆ. ಈಗಿನ ತೋಟೆ ಅದಕ್ಕೆ ಹಾಕುವಂತಿಲ್ಲ. ಸೆಪ್ಟೆಂಬರ್ 3ಕ್ಕೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆಗೆ ಇಡುತ್ತಿದ್ದೆವು, ಅಷ್ಟೇ.

ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ಫೋಟೋ ನೋಡಿ ಒಬ್ಬ ರಿಪೇರಿಯವನನ್ನು ಹಿಡಿದೆ. ಆರು ಸಾವಿರ ಅಂದ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ನಮ್ಮ ಕೊಡವರಿಗೆ ಇರುವ ವಿನಾಯಿತಿ ಪತ್ರದ ಜೆರಾಕ್ಸ್ ಕೂಡ ಕೇಳಲಿಲ್ಲ, ರಿಜಿಸ್ಟರ್‌ನಲ್ಲಿ ಬರೆದುಕೊಳ್ಳಲಿಲ್ಲ. ನನಗೋ ಖುಷಿ, ತಲೆನೋವು ತಪ್ಪಿತಲ್ಲ ಅಂತ! ಅಲ್ಲೇ ಎಚ್ಚರ ಆಗಬೇಕಿತ್ತು. ಅಲ್ಲೇ.

ಮೂರು ವಾರ ಬಿಟ್ಟು ಬಟ್ಟೆ ಬಿಚ್ಚಿ ಕೊಟ್ಟ. ಕನ್ನಡಿ ಹಾಗೆ ಕಪ್ಪಗೆ ಮಿಂಚುತ್ತಿತ್ತು. ‘ಕೆಲಸ ಜಾಸ್ತಿ ಆಯ್ತಣ್ಣ, ಹದಿನಾಲ್ಕು’ ಅಂದ. ಹನ್ನೆರಡು ಕೊಟ್ಟೆ, ಥ್ಯಾಂಕ್ಸ್ ಬೇರೆ ಹೇಳಿದೆ. ಹೌದು, ಥ್ಯಾಂಕ್ಸ್ ಹೇಳಿದೆ.

ಮನೆಯಲ್ಲಿ ದೊಡ್ಡಪ್ಪ ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ‘ಅಲೆ ಎಲ್ಲೋ?’ ಅಂದರು. ನಳಿಗೆ ಬಿಚ್ಚಿ ಕೆಳಗೆ ನೋಡಿದರು. ‘ನಂಬರ್ ಎಲ್ಲಿ?’ ನನ್ನ ಕೈ ತಣ್ಣಗಾಯಿತು. ನಂಬರೂ ಇಲ್ಲ, ನಳಿಗೆ ಪರೀಕ್ಷೆ ಮಾಡಿ ಹೊಡೆದ ಬರ್ಮಿಂಗ್‌ಹ್ಯಾಮ್‌ನ ಮುದ್ರೆಯೂ ಇಲ್ಲ. ಮೆಷಿನ್‌ಗೆ ಕೊಟ್ಟು ತಿಕ್ಕಿ ಎಲ್ಲ ಸಪಾಟು ಮಾಡಿದ್ದ. ದೊಡ್ಡಪ್ಪ ನಳಿಗೆಯನ್ನು ತೂಗುಹಾಕಿ ಬೆರಳಲ್ಲಿ ತಟ್ಟಿದರು. ಗಂಟೆಯ ಹಾಗೆ ಕೇಳಬೇಕಿತ್ತು, ಒಡೆದ ಮಡಕೆಯ ಸದ್ದು ಬಂತು. ಕುದಿಯುವ ಕಾಸ್ಟಿಕ್ ಉಪ್ಪಿನಲ್ಲಿ ಅದ್ದಿ ಕಪ್ಪು ಬಣ್ಣ ತಂದಿದ್ದ. ಎರಡು ನಳಿಗೆ ನಡುವಿನ ಪಟ್ಟಿಯನ್ನು ಹಿಡಿದಿರುವ ಬೆಸುಗೆಯನ್ನು ಆ ಉಪ್ಪು ತಿಂದುಬಿಡುತ್ತದೆ. ಹಳೇ ಜೋಡುನಳಿಗೆಗೆ ಹಾಗೆ ಮಾಡಲೇಬಾರದು. ಇದು ಅವನಿಗೆ ಗೊತ್ತಿಲ್ವಾ?

ಫೋನ್ ಮಾಡಿದೆ. ‘ಸಾರ್, ಹಳೇದನ್ನ ಹೊಸದು ಮಾಡಿಕೊಟ್ಟಿದ್ದೀನಿ, ಅದಕ್ಕೂ ಬೈತೀರಲ್ಲ’ ಅಂದ. ನಂಬರ್ ಕೇಳಿದೆ. ಅವನ ಉತ್ತರ ಇವತ್ತಿಗೂ ಮೈ ಉರಿಸುತ್ತದೆ: ‘ಅದೇನ್ ದೊಡ್ಡ ವಿಷ್ಯ ಅಣ್ಣ, ಯಾವ ನಂಬರ್ ಬೇಕು ಹೇಳಿ, ಪಂಚ್ ಹೊಡೆದುಕೊಡ್ತೀನಿ!’

ನಮಗೆ 2029ರವರೆಗೆ ಇರುವುದು ಲೈಸೆನ್ಸಿನ ವಿನಾಯಿತಿ ಮಾತ್ರ, ಸ್ವಾಮಿ. ನಂಬರ್ ಅಳಿಸಿದ ಕೋವಿ ಇಟ್ಟುಕೊಳ್ಳಲು ಯಾರಿಗೂ ವಿನಾಯಿತಿ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಕೋವಿ ಯಾರ ಕೈಯಲ್ಲಿದೆಯೋ ಅವನೇ ಅಳಿಸಿದ್ದು ಅಂತ ಲೆಕ್ಕ. ಅಲ್ಲ ಅಂತ ಅವನೇ ಸಾಬೀತು ಮಾಡಬೇಕು. ಕಳ್ಳ ಅವನು, ಕೈಕಟ್ಟಿ ನಿಲ್ಲಬೇಕಾದವನು ನಾನು.

ಉಳಿಸಿದ್ದು ಒಂದೇ. ನಳಿಗೆ ಕೆಳಗಿನ ಮರದ ತುಂಡಿನ ಒಳಗೆ ಇರುವ ಕಬ್ಬಿಣದಲ್ಲೂ ಅದೇ ನಂಬರ್ ಕೊರೆದಿರುತ್ತದೆ. ಸೋಮಾರಿ, ಅದನ್ನು ಬಿಚ್ಚಿರಲಿಲ್ಲ. ಅದನ್ನೂ ಪತ್ರವನ್ನೂ ಹಿಡಿದು ನಾನೇ ಠಾಣೆಗೆ ಹೋಗಿ ಕೋವಿ ಇಟ್ಟುಬಂದೆ. ಫೈಲ್ ಇನ್ನೂ ಓಡಾಡುತ್ತಿದೆ. ಈ ಸಲದ ಪೂಜೆಯಲ್ಲಿ ನಮ್ಮ ಅಗಲ ಬಾಗಿದ ಕತ್ತಿ, ಒಡಿಕತ್ತಿ ಒಂದೇ ಇತ್ತು. ದೊಡ್ಡಪ್ಪ ನನ್ನ ಮುಖ ನೋಡಲಿಲ್ಲ.

ಕೊಡಲೇಬೇಕಾದರೆ ಮೊದಲು ನಂಬರ್, ಮುದ್ರೆಗಳ ಫೋಟೋ ತೆಗೆದಿಡಿ. ರಿಪೇರಿಯವನ ಲೈಸೆನ್ಸ್ ನೋಡಿ, ರಸೀದಿ ಇಲ್ಲದೆ ಕೈಗೆ ಕೊಡಬೇಡಿ. ಪಾಲಿಶ್ ಅಂದವನಿಗಂತೂ ಕೊಡಲೇಬೇಡಿ. ಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಮುತ್ತಜ್ಜ ಮಾಡುತ್ತಿದ್ದದ್ದೂ ಅಷ್ಟೇ.

ನಿನ್ನೆ ಆ ಮಹಾಶಯನಿಂದ ಮತ್ತೆ ಮೆಸೇಜ್: ‘ಅಣ್ಣ, ಬಾಕಿ ಎರಡು ಸಾವಿರ ಯಾವಾಗ ಹಾಕ್ತೀರಾ?’