ಪಾತ್ರೆಯ ಮೇಲಿನ ಹೆಸರು: ಪೊಕೆಮಾನ್ ಆಟಗಳ ಐಡಿ ಸಂಖ್ಯೆಯ ವಿಮರ್ಶೆ

ನಮ್ಮ ಮನೆಗಳಲ್ಲಿ ಸ್ಟೀಲ್ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೆತ್ತಿಸಿಕೊಂಡು ಬರುವ ರೂಢಿ ಇತ್ತು, ಈಗಲೂ ಕೆಲವೆಡೆ ಇದೆ. ಹಬ್ಬದ ದಿನ ಪಕ್ಕದ ಮನೆಗೆ ಹೋಳಿಗೆ ಹೊತ್ತು ಹೋದ ಡಬ್ಬಿ ಅಲ್ಲಿಯೇ ವರ್ಷಗಟ್ಟಲೆ ಉಳಿದರೂ ಯಾರ ಮನೆಯದೆಂಬ ಪ್ರಶ್ನೆ ಏಳುವುದಿಲ್ಲ. ಪೊಕೆಮಾನ್ ಎಂಬ ಕಾಲ್ಪನಿಕ ಜೀವಿಗಳನ್ನು ಹಿಡಿದು, ಸಾಕಿ, ಕಾದಾಡಿಸುವ ವಿಡಿಯೋ ಆಟಗಳಲ್ಲಿ ಆಟಗಾರನಿಗೆ ಸಿಗುವ ಐಡಿ ಸಂಖ್ಯೆಯ ಕೆಲಸವೂ ಮೂಲತಃ ಇಷ್ಟೇ. ಈ ಸರಣಿಯ ಕಥೆ, ಚಿತ್ರ, ಸಂಗೀತಗಳ ಬಗ್ಗೆ ಬರೆಯುವವರು ಬಹಳ ಮಂದಿ ಇರುವುದರಿಂದ, ಆಟಗಾರನ ಗುರುತಿನ ಚೀಟಿಯಾದ ಟ್ರೈನರ್ ಕಾರ್ಡಿನ ಮೂಲೆಯಲ್ಲಿ ಸದ್ದಿಲ್ಲದೆ ಕುಳಿತಿರುವ ಈ ಒಂದು ಅಂಶವನ್ನಷ್ಟೇ ಇಲ್ಲಿ ಪರೀಕ್ಷಿಸಿದ್ದೇನೆ.

1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಗೇಮ್ ಬಾಯ್ ಎಂಬ ಕೈಯಲ್ಲಿ ಹಿಡಿದಾಡುವ ಯಂತ್ರಕ್ಕಾಗಿ ಬಿಡುಗಡೆಯಾದ ರೆಡ್ ಮತ್ತು ಗ್ರೀನ್ ಆಟಗಳಿಂದಲೇ ಈ ಸಂಖ್ಯೆ ಇದೆ. ಹೊಸ ಆಟ ಆರಂಭಿಸಿದಾಗ ಯಂತ್ರವು 16 ಬಿಟ್‌ಗಳ ಒಂದು ಸಂಖ್ಯೆಯನ್ನು ಯಾದೃಚ್ಛಿಕವಾಗಿ ಆರಿಸುತ್ತದೆ. ಆದ್ದರಿಂದ ಅದು 00000 ಮತ್ತು 65535ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಹೆಸರನ್ನು ನಾವು ಇಟ್ಟುಕೊಳ್ಳಬಹುದು, ಸಂಖ್ಯೆಯನ್ನು ಇಟ್ಟುಕೊಳ್ಳುವಂತಿಲ್ಲ. ನಾವು ಹಿಡಿಯುವ ಪ್ರತಿಯೊಂದು ಪೊಕೆಮಾನ್‌ನ ದಾಖಲೆಯಲ್ಲಿ ನಮ್ಮ ಹೆಸರೂ ಈ ಸಂಖ್ಯೆಯೂ ಆ ಕ್ಷಣವೇ ಅಚ್ಚಾಗುತ್ತವೆ, ಮತ್ತು ಕೇಬಲ್ ಮೂಲಕ ಗೆಳೆಯನ ಯಂತ್ರಕ್ಕೆ ಟ್ರೇಡ್, ಅಂದರೆ ವಿನಿಮಯ, ಆದ ಮೇಲೂ ಅಳಿಸಿಹೋಗುವುದಿಲ್ಲ. ಒಂದೇ ಹೆಸರಿನ ಇಬ್ಬರು ಮಕ್ಕಳು ಒಂದೇ ತರಗತಿಯಲ್ಲಿದ್ದರೂ ಯಾರ ಪಿಕಾಚು ಯಾರದೆಂದು ಆಟಕ್ಕೆ ಗೊತ್ತಾಗುವುದು ಹೀಗೆ. ಪ್ರತಿ ಆಟಗಾರನ ಆಟವೂ ಈ ಸಂಖ್ಯೆಗೆ ತಕ್ಕಂತೆ ಬೇರೆ ಬೇರೆಯಾಗಿರಬೇಕೆಂದು ತಯಾರಕರು ಮೊದಲು ಯೋಚಿಸಿದ್ದರು, ಅದು ಜನರಿಗೆ ಅರ್ಥವಾಗದೆಂದು ನಿಂಟೆಂಡೊ ಕಂಪನಿಯ ಹಿರಿಯ ಆಟವಿನ್ಯಾಸಕ ಶಿಗೆರು ಮಿಯಾಮೊಟೊ ಹೇಳಿದ ಮೇಲೆ ಎರಡು ಬಣ್ಣಗಳ ಎರಡು ಆವೃತ್ತಿಗಳ ಉಪಾಯ ಹೊಳೆಯಿತು ಎಂಬುದು ತಯಾರಕರೇ ಹೇಳಿಕೊಂಡಿರುವ ಸಂಗತಿ. ಹಾಗೆ ನೋಡಿದರೆ ಪೆಟ್ಟಿಗೆಯ ಮೇಲಿನ ಬಣ್ಣಕ್ಕಿಂತ ಈ ಸಂಖ್ಯೆಯೇ ಹಿರಿಯದು.

ಗುರುತು ಇದ್ದ ಮಾತ್ರಕ್ಕೆ ಆಟವಾಗುವುದಿಲ್ಲ, ಗುರುತಿಗೆ ಪರಿಣಾಮ ಬೇಕು. ಮೊದಲ ಆಟಗಳು ಇದನ್ನು ಚೆನ್ನಾಗಿ ಅರಿತಿದ್ದವು. ಐಡಿ ನಮ್ಮದಲ್ಲದ ಪೊಕೆಮಾನ್ ಕಾಳಗದಲ್ಲಿ ಒಂದೂವರೆ ಪಟ್ಟು ಅನುಭವಾಂಕ ಗಳಿಸುತ್ತದೆ, ಆದರೆ ನಮ್ಮ ಯೋಗ್ಯತೆಗೆ ಮೀರಿ ಬೆಳೆದರೆ ಮಾತು ಕೇಳುವುದಿಲ್ಲ: ಆಟದಲ್ಲಿ ಗೆದ್ದು ಪಡೆಯುವ ಪದಕಗಳಲ್ಲಿ ಕ್ಯಾಸ್ಕೇಡ್ ಬ್ಯಾಡ್ಜ್ ಇದ್ದರೆ 30ನೇ ಮಟ್ಟದವರೆಗೆ, ರೇನ್‌ಬೋ ಬ್ಯಾಡ್ಜ್ ಇದ್ದರೆ 50ರವರೆಗೆ, ಮಾರ್ಷ್ ಬ್ಯಾಡ್ಜ್ ಇದ್ದರೆ 70ರವರೆಗೆ ಮಾತ್ರ ವಿಧೇಯತೆ. ಅಣ್ಣನಿಂದ ಬಲಿಷ್ಠ ಪೊಕೆಮಾನ್ ಪಡೆದು ಇಡೀ ಆಟವನ್ನು ಒಂದೇ ಸಂಜೆ ಮುಗಿಸುವ ತಮ್ಮನಿಗೆ ಇದು ತಡೆ. ದುರ್ಬಲವಾದುದನ್ನು ಪಡೆದು ಸಾಕುವವನಿಗೆ ಬಹುಮಾನ. ಟ್ರೇಡಿಗೆ ಪ್ರೋತ್ಸಾಹವನ್ನೂ ಮಿತಿಯನ್ನೂ ಒಂದೇ ಸಂಖ್ಯೆಯಿಂದ ಸಾಧಿಸಿರುವ ಈ ಮಿತವ್ಯಯ ನನಗೆ ಇಂದಿಗೂ ಮೆಚ್ಚುಗೆಯದು.

1999ರ ಗೋಲ್ಡ್ ಮತ್ತು ಸಿಲ್ವರ್ ಆಟಗಳು ಇದಕ್ಕೆ ಭಾವನೆಯನ್ನೂ ಬೆರೆಸಿದವು. ಸಿಯಾನ್‌ವುಡ್ ಎಂಬ ಊರಿನಲ್ಲಿ ಕಳ್ಳತನಕ್ಕೆ ಹೆದರಿದ ಒಬ್ಬನು ಶಕಲ್ ಎಂಬ ತನ್ನ ಪೊಕೆಮಾನ್ ಅನ್ನು ಸ್ವಲ್ಪ ಕಾಲ ನೋಡಿಕೊಳ್ಳಿ ಎಂದು ನಮ್ಮ ಕೈಗೆ ಕೊಡುತ್ತಾನೆ. ಅದರ ಐಡಿ 00518. ಕೊನೆಗೆ ಮರಳಿಸಲು ಹೋದಾಗ ಅದು ನಮ್ಮನ್ನು ಸಾಕಷ್ಟು ಹಚ್ಚಿಕೊಂಡಿದ್ದರೆ ನೀವೇ ಇಟ್ಟುಕೊಳ್ಳಿ ಎನ್ನುತ್ತಾನೆ. ಆದರೂ ದಾಖಲೆಯ ಪುಟದಲ್ಲಿ ಸಂಖ್ಯೆ ಬದಲಾಗುವುದಿಲ್ಲ. ಕೊಟ್ಟವನ ಗುರುತು ಕೊಟ್ಟವನದೇ.

ಇದರ ಇನ್ನೊಂದು ಮುಖ ಸ್ವಲ್ಪ ನಿಷ್ಠುರವಾದುದು. ಆಟವನ್ನು ಅಳಿಸಿ ಮೊದಲಿಂದ ಆರಂಭಿಸಿದರೆ ಹೊಸ ಸಂಖ್ಯೆ ಬರುತ್ತದೆ. ಅದೇ ಹೆಸರು ಇಟ್ಟುಕೊಂಡರೂ, ಅದೇ ಕಾರ್ಟ್ರಿಜ್ ಆದರೂ, ಹಿಂದೆ ಗೆಳೆಯನ ಬಳಿ ಜೋಪಾನಕ್ಕೆ ಇಟ್ಟಿದ್ದ ಪೊಕೆಮಾನ್‌ಗಳನ್ನು ಮರಳಿ ಪಡೆದಾಗ ಅವುಗಳ ಪಾಲಿಗೆ ನಾವು ಪರಕೀಯರು. ಹಳೆಯ ಸಿಲ್ವರ್ ಕಾರ್ಟ್ರಿಜ್ ಒಂದನ್ನು ನಾನು ಕೈದಾಟಿ ಕೊಂಡಾಗ ಅದರೊಳಗೆ ಯಾರೋ ಅಪರಿಚಿತ ಮಗುವಿನ ಆಟ ಇನ್ನೂ ಉಳಿದಿತ್ತು. ಅಳಿಸಲು ಮನಸ್ಸು ಬಾರದೆ ಒಂದು ವಾರ ಹಾಗೆಯೇ ಇಟ್ಟುಕೊಂಡಿದ್ದೆ. ಆ ಪೀಳಿಗೆಯ ಕಾರ್ಟ್ರಿಜ್‌ಗಳಲ್ಲಿ ದಾಖಲೆಯನ್ನು ಜೀವಂತವಾಗಿಡುವುದು ಒಳಗಿನ ಒಂದು ಗುಂಡಿ ಸೆಲ್; ಅದು ಒಣಗಿದ ದಿನ ಹೆಸರು, ಸಂಖ್ಯೆ, ಸಾಕಿದವು ಎಲ್ಲವೂ ಒಟ್ಟಿಗೇ ಹೋಗುತ್ತವೆ.

ನನ್ನ ಅಭಿಪ್ರಾಯದಲ್ಲಿ ಐಡಿ ಸಂಖ್ಯೆಯ ಅತ್ಯುತ್ತಮ ಬಳಕೆ ಲಾಟರಿ. ಗೋಲ್ಡ್ ಮತ್ತು ಸಿಲ್ವರ್‌ನ ಗೋಲ್ಡನ್‌ರಾಡ್ ರೇಡಿಯೋ ಗೋಪುರದಲ್ಲಿ ವಾರಕ್ಕೊಮ್ಮೆ ಒಂದು ಸಂಖ್ಯೆಯನ್ನು ಘೋಷಿಸುತ್ತಾರೆ. ನಮ್ಮ ಬಳಿಯಿರುವ ಮತ್ತು ಪೆಟ್ಟಿಗೆಗಳಲ್ಲಿ ಇಟ್ಟಿರುವ ಪೊಕೆಮಾನ್‌ಗಳ ಐಡಿಯ ಕೊನೆಯ ಅಂಕಿಗಳು ಅದಕ್ಕೆ ಹೊಂದಿದರೆ ಬಹುಮಾನ, ಐದೂ ಹೊಂದಿದರೆ ಪೊಕೆಮಾನ್ ಹಿಡಿಯಲು ಎಸೆಯುವ, ಎಂದೂ ಗುರಿ ತಪ್ಪದ ಮಾಸ್ಟರ್ ಬಾಲ್. ನಾವೇ ಹಿಡಿದ ಇನ್ನೂರು ಪೊಕೆಮಾನ್‌ಗಳಿದ್ದರೂ ಅವೆಲ್ಲದರ ಮೇಲಿರುವುದು ಒಂದೇ ಸಂಖ್ಯೆಯಾದ್ದರಿಂದ ನಮ್ಮ ಕೈಯಲ್ಲಿರುವುದು ಒಂದೇ ಚೀಟಿ. ಹತ್ತು ಜನರೊಂದಿಗೆ ಟ್ರೇಡ್ ಮಾಡಿದವನ ಬಳಿ ಹನ್ನೊಂದು ಚೀಟಿಗಳು. ಕೊನೆಯ ಎರಡಂಕಿ ಬೇರೆ ಬೇರೆಯಾಗಿರುವ ನೂರು ಐಡಿಗಳನ್ನು ಕೂಡಿಹಾಕಿದವನಿಗೆ ಚಿಕ್ಕ ಬಹುಮಾನವಂತೂ ಪ್ರತಿ ಸಲ ಖಚಿತ. ಬೇರೆಯವರ ಗುರುತನ್ನು ಹೊತ್ತ ಸಾಮಾನ್ಯ ರಟಾಟಾಕ್ಕೂ ಇದರಿಂದ ಬೆಲೆ ಬಂತು. ರೂಬಿ ಮತ್ತು ಸಫೈರ್‌ನ ಲಿಲಿಕೋವ್ ಮಳಿಗೆಯಲ್ಲಿ, ಡೈಮಂಡ್ ಮತ್ತು ಪರ್ಲ್‌ನ ಜುಬಿಲೈಫ್ ಟಿವಿ ಕೇಂದ್ರದಲ್ಲಿ, ಎಕ್ಸ್ ಮತ್ತು ವೈ ಆಟಗಳ ಲುಮಿಯೋಸ್ ನಗರದಲ್ಲಿ, ಸ್ವೋರ್ಡ್ ಮತ್ತು ಶೀಲ್ಡ್‌ನ ಪೊಕೆಮಾನ್ ಸೆಂಟರ್‌ಗಳಲ್ಲಿ ಈ ಲಾಟರಿ ಮುಂದುವರಿಯಿತು. ಸ್ಕಾರ್ಲೆಟ್ ಮತ್ತು ವೈಲೆಟ್‌ನಲ್ಲಿ ಅದಿಲ್ಲ. ಇದು ನನ್ನ ಮೊದಲ ದೂರು.

ಎರಡನೆಯ ದೂರು ಹಳೆಯದು, ಹಾಗೂ ದೊಡ್ಡದು. 2002ರ ನವೆಂಬರ್‌ನಲ್ಲಿ ಬಂದ ರೂಬಿ ಮತ್ತು ಸಫೈರ್ ಆಟಗಾರನಿಗೆ ಎರಡನೆಯ ಸಂಖ್ಯೆಯೊಂದನ್ನು ಕೊಟ್ಟವು, ಆದರೆ ಅದನ್ನು ಅವನಿಂದಲೇ ಮುಚ್ಚಿಟ್ಟವು. ಗುಪ್ತ ಐಡಿ ಎಂದು ಆಟಗಾರರು ಕರೆಯುವ ಇದೂ 16 ಬಿಟ್‌ಗಳದೇ. ಬೇರೆ ಬಣ್ಣದಲ್ಲಿ ಹೊಳೆಯುವ ಅಪರೂಪದ ಶೈನಿ ಪೊಕೆಮಾನ್‌ಗಳನ್ನು ನಿರ್ಧರಿಸುವುದು ಇದರ ಮುಖ್ಯ ಕೆಲಸ. ಪ್ರತಿ ಪೊಕೆಮಾನ್‌ಗೂ ಹುಟ್ಟಿನಿಂದ 32 ಬಿಟ್‌ಗಳ ಒಂದು ಸ್ವಭಾವಸಂಖ್ಯೆ ಇರುತ್ತದೆ. ಅದನ್ನು ಎರಡು ಭಾಗ ಮಾಡಿ, ಆ ಎರಡರೊಂದಿಗೆ ನಮ್ಮ ಕಾಣುವ ಐಡಿಯನ್ನೂ ಕಾಣದ ಐಡಿಯನ್ನೂ ದ್ವಿಮಾನದಲ್ಲಿ ಒಂದರ ಕೆಳಗೊಂದು ಬರೆದಂತೆ ಇಟ್ಟು, ಪ್ರತಿ ಸ್ಥಾನದಲ್ಲೂ 1ಗಳು ಬೆಸ ಸಂಖ್ಯೆಯಲ್ಲಿದ್ದರೆ 1, ಸಮ ಸಂಖ್ಯೆಯಲ್ಲಿದ್ದರೆ 0 ಎಂದು ಉತ್ತರ ತೆಗೆದಾಗ ಬರುವ ಸಂಖ್ಯೆ 8ಕ್ಕಿಂತ ಕಡಿಮೆಯಾಗಿದ್ದರೆ ಆ ಪೊಕೆಮಾನ್ ಶೈನಿ. ಸಾಧ್ಯವಿರುವ 65,536 ಉತ್ತರಗಳಲ್ಲಿ ಎಂಟು ಮಾತ್ರ ಅನುಕೂಲವಾಗಿರುವುದರಿಂದ ಸಂಭಾವ್ಯತೆ 8,192ರಲ್ಲಿ ಒಂದು; ಎಕ್ಸ್ ಮತ್ತು ವೈ ಆಟಗಳಿಂದ ಆ ಮಿತಿಯನ್ನು 16ಕ್ಕೆ ಏರಿಸಿದ್ದರಿಂದ ಅದು 4,096ರಲ್ಲಿ ಒಂದಾಯಿತು. ಗೋಲ್ಡ್ ಮತ್ತು ಸಿಲ್ವರ್‌ನಲ್ಲೂ ಶೈನಿಗಳಿದ್ದವು, ಕೆರಳಿದ ಸರೋವರದ ಕೆಂಪು ಗ್ಯಾರಾಡೋಸ್ ಎಲ್ಲರಿಗೂ ನೆನಪಿರುವಂಥದು. ಆದರೆ ಅಲ್ಲಿ ಅದು ಆ ಪೊಕೆಮಾನ್‌ನ ಹುಟ್ಟುಗುಣ ಮಾತ್ರವಾಗಿತ್ತು. ಇಲ್ಲಿ ಅದು ಹಿಡಿದವನಿಗೂ ಹಿಡಿಯಲ್ಪಟ್ಟದ್ದಕ್ಕೂ ನಡುವಿನ ಜಾತಕಕೂಟವಾಯಿತು: ಅದೇ ಸ್ವಭಾವಸಂಖ್ಯೆ ನನಗೆ ಹೊಳೆಯುತ್ತದೆ, ನಿಮಗೆ ಹೊಳೆಯುವುದಿಲ್ಲ.

ಕಲ್ಪನೆ ಸೊಗಸಾಗಿದೆ ಎಂಬುದನ್ನು ಒಪ್ಪಬೇಕು. ಆದರೆ ಜಾತಕ ನೋಡುವ ಹಕ್ಕನ್ನು ಜಾತಕದ ಒಡೆಯನಿಗೇ ನಿರಾಕರಿಸಿದ್ದರ ಫಲವಾಗಿ, ಆಟದ ಒಳಗೆ ಇರಬೇಕಾಗಿದ್ದ ಜ್ಞಾನ ಆಟದ ಹೊರಗಿನ ಲೆಕ್ಕಾಚಾರದ ಸಾಧನಗಳ ಪಾಲಾಯಿತು. ಇದರ ಅತ್ಯಂತ ವಿಚಿತ್ರ ಉದಾಹರಣೆ ಡೈಮಂಡ್, ಪರ್ಲ್ ಮತ್ತು ಅವುಗಳ ಒಡಹುಟ್ಟಿದ ಆಟಗಳಲ್ಲಿದೆ. ಕ್ಯೂಟ್ ಚಾರ್ಮ್ ಎಂಬ ಗುಣವುಳ್ಳ ಪೊಕೆಮಾನ್ ತಂಡದ ಮುಂದಿದ್ದರೆ ಮೂರರಲ್ಲಿ ಎರಡು ಸಲ ಎದುರಾಗುವುದು ವಿರುದ್ಧ ಲಿಂಗದ್ದಾಗಿರಬೇಕೆಂಬುದು ನಿಯಮ. ಈ ನಿಯಮವನ್ನು ಪಾಲಿಸಲು ಆಟವು 32 ಬಿಟ್‌ಗಳ ಸ್ವಭಾವಸಂಖ್ಯೆಯನ್ನು ಪೂರ್ತಿ ಯಾದೃಚ್ಛಿಕವಾಗಿ ಆರಿಸುವುದನ್ನು ಬಿಟ್ಟು, ಲಿಂಗಕ್ಕೆ ತಕ್ಕ ಒಂದು ಚಿಕ್ಕ ಸಂಖ್ಯೆಗೆ 25 ಸ್ವಭಾವಗಳಲ್ಲಿ ಒಂದರ ಕ್ರಮಾಂಕವನ್ನು ಕೂಡಿಸಿ ಮುಗಿಸಿಬಿಡುತ್ತದೆ. ಹೀಗಾಗಿ ಬರಬಹುದಾದ ಸಂಖ್ಯೆಗಳು 25 ಮಾತ್ರ. ಕಾಣುವ ಮತ್ತು ಕಾಣದ ಐಡಿಗಳ ಮೇಳ ಆ ಚಿಕ್ಕ ವ್ಯಾಪ್ತಿಯಲ್ಲಿ ಸರಿಯಾದ ಜಾಗಕ್ಕೆ ಬಿದ್ದಿರುವ ಅದೃಷ್ಟವಂತನಿಗೆ 25ರಲ್ಲಿ ಎಂಟು ಶೈನಿಗಳಾಗುತ್ತವೆ, ಮೂರರಲ್ಲಿ ಎರಡೆಂಬ ನಿಯಮವನ್ನೂ ಸೇರಿಸಿ ನೋಡಿದರೆ ಹೆಚ್ಚುಕಡಿಮೆ ಐದು ಭೇಟಿಗೆ ಒಂದು. ಉಳಿದ ಬಹುಪಾಲು ಆಟಗಾರರಿಗೆ ಆ ದಾರಿಯಲ್ಲಿ ಒಂದೂ ಇಲ್ಲ. ಸಂಖ್ಯೆಯೊಂದು ಮೊದಲ ದಿನವೇ ಹಣೆಬರಹವಾಗಿಬಿಡುವುದು ಎಂದರೆ ಇದೇ. ಇದು ತಯಾರಕರ ಉದ್ದೇಶವಲ್ಲ, ಕಣ್ತಪ್ಪು.

ಮೊಟ್ಟೆಗಳ ವಿಷಯದಲ್ಲಿ ಮಾತ್ರ ಈ ಗುಟ್ಟು ಜನರನ್ನು ಹತ್ತಿರ ತಂದಿತು. ಮೊಟ್ಟೆ ಯಾರ ಬಳಿ ಒಡೆಯುತ್ತದೆಯೋ ಅವರ ಐಡಿ ಮರಿಗೆ ಬರುತ್ತದೆ; ಆದ್ದರಿಂದ ನನ್ನ ಬಳಿ ಸಾಮಾನ್ಯವಾಗಿ ಒಡೆಯಬೇಕಾದ ಮೊಟ್ಟೆ ಇನ್ನೊಬ್ಬನ ಬಳಿ ಶೈನಿಯಾಗಿ ಒಡೆಯಬಹುದು. ಎಕ್ಸ್ ಮತ್ತು ವೈ ಕಾಲದಲ್ಲಿ ಆಟಗಾರರು ಎರಡು ಐಡಿಗಳಿಂದ 0 ಮತ್ತು 4095ರ ನಡುವಿನ ಒಂದು ಶೈನಿ ಮೌಲ್ಯವನ್ನು ಲೆಕ್ಕಹಾಕಿ, ಮೊಟ್ಟೆಯ ಮೌಲ್ಯವೂ ತಮ್ಮ ಮೌಲ್ಯವೂ ಹೊಂದಿಕೆಯಾಗುವ ಅಪರಿಚಿತರನ್ನು ಹುಡುಕಿ, ಮೊಟ್ಟೆ ಕಳುಹಿಸಿ, ಒಡೆಸಿ ಮರಳಿ ಪಡೆಯುತ್ತಿದ್ದರು. ಪರವೂರಿನ ಯಾರೋ ಒಬ್ಬರು ನಮ್ಮ ಮೊಟ್ಟೆಗಾಗಿ ಆಟದ ಸೈಕಲ್ ಮೇಲೆ ಅತ್ತಿಂದಿತ್ತ ಸುತ್ತಿ ಮರಿ ಮಾಡಿ ಕೊಡುವ ಈ ಸೌಜನ್ಯಕ್ಕೆ ಆಟದೊಳಗೆ ಯಾವ ಬಹುಮಾನವೂ ಇರಲಿಲ್ಲ. ಮೊದಲೇ ಹೇಳಿದ ಡಬ್ಬಿಯ ವ್ಯವಹಾರಕ್ಕೆ ಇದಕ್ಕಿಂತ ಹತ್ತಿರದ್ದು ವಿಡಿಯೋ ಆಟಗಳಲ್ಲಿ ನನಗೆ ಕಂಡಿಲ್ಲ.

2016ರ ಸನ್ ಮತ್ತು ಮೂನ್‌ನಿಂದ ಕಾರ್ಡಿನ ಮೇಲೆ ಆರಂಕಿ ಕಾಣಿಸತೊಡಗಿತು. ಹೊಸ ಸಂಖ್ಯೆ ಎಂದು ಹಲವರು ಭಾವಿಸಿದರೂ ಒಳಗಿರುವುದು ಹಳೆಯ ಎರಡು ಸಂಖ್ಯೆಗಳೇ. ಗುಪ್ತ ಐಡಿಯನ್ನು 65,536ರಿಂದ ಗುಣಿಸಿ, ಕಾಣುವ ಐಡಿಯನ್ನು ಕೂಡಿಸಿ, ಬಂದ ಮೊತ್ತದ ಕೊನೆಯ ಆರಂಕಿಗಳನ್ನು ಮಾತ್ರ ತೋರಿಸುತ್ತಾರೆ. ಉದಾಹರಣೆಗೆ ಗುಪ್ತ ಐಡಿ 4321, ಕಾಣುವ ಐಡಿ 12345 ಎಂದಿಟ್ಟುಕೊಂಡರೆ ಮೊತ್ತ 28,31,93,401. ಕಾರ್ಡಿನ ಮೇಲೆ ಕಾಣುವುದು 193401, ಮರೆಯಾಗುವುದು 283. ಮರೆಯಾಗುವ ಭಾಗ 4294ನ್ನು ಮೀರಲಾರದು. ಮೊದಲಿಗಿಂತ ಹೆಚ್ಚು ತೋರಿಸಿ, ಪೂರ್ತಿ ತೋರಿಸದೆ ಬಿಟ್ಟಿರುವ ಈ ಅರ್ಧ ಔದಾರ್ಯ ನನಗೆ ಅರ್ಥವಾಗಿಲ್ಲ.

ಇತ್ತೀಚಿನ ಆಟಗಳಲ್ಲಿ ಸಂಖ್ಯೆಯ ಹಿಡಿತ ಸಡಿಲವಾಗಿದೆ. ಸ್ಕಾರ್ಲೆಟ್ ಮತ್ತು ವೈಲೆಟ್‌ನಲ್ಲಿ ನಾವೇ ಹಿಡಿದ ಪೊಕೆಮಾನ್ ಕೂಡ, ಹಿಡಿದಾಗಿನ ಅದರ ಮಟ್ಟ ನಮ್ಮ ಬ್ಯಾಡ್ಜ್‌ಗಳಿಗೆ ಮೀರಿದ್ದರೆ, ಮಾತು ಕೇಳುವುದಿಲ್ಲ. ಅಂದರೆ ವಿಧೇಯತೆಯ ವಿಷಯದಲ್ಲಿ ಸ್ವಂತದ್ದು, ಪರರದ್ದು ಎಂಬ ಹಳೆಯ ಗೆರೆ ಅಳಿಸಿದೆ. ಹೊಸಬರಿಗೆ ಇದು ಸುಲಭವಾಗಿರಬಹುದು, ನನಗೆ ಸಪ್ಪೆಯೆನಿಸಿತು. ಈಗಷ್ಟೇ ಆಟ ಕೊಳ್ಳುತ್ತಿರುವವರು ಈ ಒಂದು ಅಂಶದ ಸೊಗಸಿಗಾಗಿ ಆರಿಸುವುದಾದರೆ ಸ್ವಿಚ್ ಯಂತ್ರದಲ್ಲಿ ಸ್ವೋರ್ಡ್ ಅಥವಾ ಶೀಲ್ಡ್ ಆರಿಸಿ, ಆದಷ್ಟು ಬೇರೆ ಬೇರೆ ಜನರೊಂದಿಗೆ ಟ್ರೇಡ್ ಮಾಡಿ ಲಾಟರಿ ಆಡಿ ಎನ್ನುತ್ತೇನೆ. ಹಳೆಯ ಯಂತ್ರಗಳಿರುವವರಿಗೆ ಗೋಲ್ಡ್, ಸಿಲ್ವರ್‌ಗಳೇ ಮೇಲು.

2020ರ ಫೆಬ್ರವರಿಯಲ್ಲಿ ಆರಂಭವಾದ, ಬೇರೆ ಬೇರೆ ಆಟಗಳ ಪೊಕೆಮಾನ್‌ಗಳನ್ನು ಒಂದೆಡೆ ಇಡುವ ಪೊಕೆಮಾನ್ ಹೋಮ್ ಸೇವೆಗೆ ಪೂರ್ಣ ಅಂಕ ಕೊಡಲು ನನಗೆ ಹಿಂಜರಿಕೆಯಿಲ್ಲ. 2002ರ ರೂಬಿಯಲ್ಲಿ ಹಿಡಿದ ಪೊಕೆಮಾನ್ ಒಂದನ್ನು ನಂತರದ ಡಿಎಸ್ ಯಂತ್ರದ ಆಟಗಳ ಮೂಲಕ, ಆಮೇಲೆ 3ಡಿಎಸ್‌ನ ಪೊಕೆಮಾನ್ ಬ್ಯಾಂಕ್ ಮೂಲಕ ಒಂದೊಂದೇ ಮೆಟ್ಟಿಲು ಹತ್ತಿಸಿ ಇಲ್ಲಿಗೆ ತರಬಹುದು. ದಾರಿ ಒಮ್ಮುಖ, ಹಿಂದಕ್ಕೆ ಇಳಿಸಲಾಗದು. ಅಷ್ಟೂ ದೂರ ಅದರ ಮೇಲಿನ ಹೆಸರೂ ಎರಡೂ ಐಡಿಗಳೂ ಮುಕ್ಕಾಗುವುದಿಲ್ಲ. ನನ್ನ ಹೋಮ್ ಪೆಟ್ಟಿಗೆಯಲ್ಲಿ ಹಾಗೆ ಬಂದ ಒಂದು ಜಿಗ್‌ಜಾಗೂನ್ ಇದೆ. ಅದನ್ನು ಕೊಟ್ಟ ಗೆಳೆಯನ ಕಾರ್ಟ್ರಿಜ್ ಈಗ ಇಲ್ಲ, ಅವನು ಆಟ ಬಿಟ್ಟೂ ಬಹಳ ವರ್ಷಗಳಾದವು. ಅವನ ಐದಂಕಿಯ ಸಂಖ್ಯೆ ಮಾತ್ರ ಕೊಟ್ಟ ದಿನ ಇದ್ದಂತೆಯೇ ಇದೆ.