ಸ್ವಿಫ್ಟ್ ಡೀಸೆಲ್‌ಗೆ ಏರ್ ಫ್ಲೋ ಸೆನ್ಸರ್ ಹಾಕಿಸಿದ್ದು: ಹೊಸಪೇಟೆಯ ಒಂದು ಸಣ್ಣ ಗ್ಯಾರೇಜ್ ಬಗ್ಗೆ

ಗಾಡಿ 2013ರ ಸ್ವಿಫ್ಟ್ ಡೀಸೆಲ್, 1248 ಸಿಸಿ ಡಿಡಿಐಎಸ್ ಇಂಜಿನ್, 1,38,000 ಕಿಮೀ ಓಡಿದೆ. ನಾನಿರೋದು ಸಂಡೂರಲ್ಲಿ, ಕೆಲಸ ತೋರಣಗಲ್ಲು ಕಡೆ, ದಿನಾ ಅದಿರು ಲಾರಿಗಳ ಹಿಂದೇನೇ ಹೋಗಿ ಬರೋದು. ಆ ಕೆಂಪು ಧೂಳು ಹೆಂಗಿರುತ್ತೆ ಅಂತ ಈ ಕಡೆಯವ್ರಿಗೆ ಹೇಳೋದೇ ಬೇಡ, ಬೆಳಗ್ಗೆ ತೊಳೆದ ಬಿಳಿ ಕಾರು ಸಂಜೆಗೆ ಇಟ್ಟಿಗೆ ಬಣ್ಣ.

ಮೂರ್ನಾಲ್ಕು ತಿಂಗಳಿಂದ ಗಾಡಿ ಎಳೀತಾನೇ ಇರಲಿಲ್ಲ. ಸಮತಟ್ಟು ರೋಡಲ್ಲಿ ಹೆಂಗೋ ಹೋಗುತ್ತೆ, ಹೊಸಪೇಟೆ ಕಡೆ ಏರು ಸಿಕ್ಕ ತಕ್ಷಣ ಥರ್ಡ್ ಗೇರಲ್ಲಿ ಪೂರ್ತಿ ಒತ್ತಿದ್ರೂ ಯಾರೋ ಹಿಂದಿನಿಂದ ಹಿಡ್ಕೊಂಡ ಹಾಗೆ, 2500 ಆರ್‌ಪಿಎಂ ದಾಟಿದ್ಮೇಲೆ ಬರಬೇಕಾದ ಆ ಎಳೆತ ಇಲ್ವೇ ಇಲ್ಲ, ಮನೆಯವ್ರನ್ನ ಕೂರಿಸ್ಕೊಂಡು ಲಾರಿ ಓವರ್‌ಟೇಕ್ ಮಾಡೋಕೆ ಹೋಗಿ ಅರ್ಧಕ್ಕೇ ವಾಪಸ್ ಹಿಂದೆ ಬಂದಿದ್ದೀನಿ, ಅವತ್ತು ನಿಜವಾಗ್ಲೂ ಕೈ ನಡುಗಿತ್ತು. ಕಪ್ಪು ಹೊಗೆ ಇಲ್ಲ, ಇಂಜಿನ್ ಲೈಟ್ ಇಲ್ಲ, ಶಬ್ದ ಇಲ್ಲ. ಒಂದು ಕಡೆ ತೋರಿಸ್ದೆ, ಹೆಸರು ಬೇಡ, ಸ್ಕ್ಯಾನರ್ ಹಾಕಿದ್ರು, ಕೋಡ್ (ಗಾಡಿಯ ಕಂಪ್ಯೂಟರ್ ಬರೆದಿಡೋ ದೋಷದ ನಂಬರ್) ಏನೂ ಇಲ್ಲ ಅಂದ್ರು, ಒಂದು ರೌಂಡ್ ಓಡಿಸಿ ಬಂದು ಟರ್ಬೋ (ಇಂಜಿನ್ನಿಗೆ ಗಾಳಿ ತಳ್ಳೋ ಪಂಪು) ಹೋಗಿದೆ ಸಾರ್, 35 ಸಾವಿರ ರೆಡಿ ಮಾಡ್ಕೊಳ್ಳಿ ಅಂದ್ರು. ಹೆಂಗೆ ಗೊತ್ತಾಯ್ತು ಅಂತ ಕೇಳಿದ್ರೆ ಅನುಭವ ಸಾರ್ ಅಂದ್ರು ಅಷ್ಟೇ.

ಆಮೇಲೆ ನಮ್ಮ ಆಫೀಸಿನ ಡ್ರೈವರ್ ಒಬ್ರು ಹೇಳಿದ್ರು ಅಂತ ಹೊಸಪೇಟೆಯ ಈ ಗ್ಯಾರೇಜಿಗೆ ಹೋದೆ. ತಗಡಿನ ಶೆಡ್, ಒಬ್ರೇ ಮೇಸ್ತ್ರಿ, ಜೊತೆಗೆ ಇಬ್ರು ಹುಡುಗ್ರು. ಬಾನೆಟ್ ತೆಗೆಯೋಕೆ ಮುಂಚೆ ಪೂರ್ತಿ ಕಥೆ ಕೇಳಿದ್ರು, ಯಾವ ಗೇರಲ್ಲಿ, ಎಷ್ಟು ಸ್ಪೀಡಲ್ಲಿ, ಹೊಗೆ ಬರುತ್ತಾ, ಏರ್ ಫಿಲ್ಟರ್ ಕೊನೇ ಸಲ ಯಾವಾಗ ಬದಲಾಯಿಸಿದ್ದು, ಯಾವ ಕಂಪನಿದು. "ಹೊಗೆ ಇಲ್ಲ ಅಂದ್ರೆ ಡೀಸೆಲ್ಲೇ ಕಮ್ಮಿ ಬೀಳ್ತಿದೆ ಸಾರ್, ಯಾಕೆ ಕಮ್ಮಿ ಬೀಳ್ತಿದೆ ಅಂತ ನೋಡೋಣ" ಅಂದ್ರು. ನನಗೆ ಅಲ್ಲೇ ಅರ್ಧ ನಂಬಿಕೆ ಬಂತು.

ಸ್ಕ್ಯಾನರ್ ಹಾಕ್ಕೊಂಡು ನನ್ನನ್ನೇ ಓಡಿಸೋಕೆ ಹೇಳಿ ಪಕ್ಕದಲ್ಲಿ ಕೂತ್ರು. ಥರ್ಡ್ ಗೇರ್, 3000 ಆರ್‌ಪಿಎಂ, ಪೂರ್ತಿ ಒತ್ತಿ ಅಂದ್ರು. ಎರಡು ನಂಬರ್ ತೋರಿಸಿದ್ರು. ಇನ್‌ಟೇಕ್ ಪ್ರೆಷರ್ 2 ಬಾರ್ ಹತ್ರ ಇತ್ತು, ಅಂದ್ರೆ ಹೊರಗಿನ ಗಾಳಿಯ ಒತ್ತಡಕ್ಕಿಂತ ಹೆಚ್ಚುಕಮ್ಮಿ ಡಬಲ್, ಟರ್ಬೋ ಚೆನ್ನಾಗೇ ತಳ್ಳುತ್ತಿದೆ. ಆದ್ರೆ ಏರ್ ಫ್ಲೋ, ಅಂದ್ರೆ ಇಂಜಿನ್ ಒಳಗೆ ಹೋಗೋ ಗಾಳಿ, ಬರೀ ಸೆಕೆಂಡಿಗೆ 31 ಗ್ರಾಂ. ಅವ್ರು ಮೊಬೈಲ್ ಕ್ಯಾಲ್ಕುಲೇಟರಲ್ಲೇ ಲೆಕ್ಕ ಹಾಕಿ ತೋರಿಸಿದ್ರು, ಈ ಸೈಜಿನ ಇಂಜಿನ್ ಇಷ್ಟು ಆರ್‌ಪಿಎಂನಲ್ಲಿ ಟರ್ಬೋನೇ ಇಲ್ದಿದ್ರೂ 30 ಗ್ರಾಂ ಗಾಳಿ ಎಳ್ಕೊಳ್ಳುತ್ತೆ, ಇಷ್ಟು ಪ್ರೆಷರ್ ಇದ್ದಾಗ 50 ದಾಟಲೇಬೇಕು. ಪ್ರೆಷರ್ ಇದೆ, ಗಾಳಿ ಇಲ್ಲ ಅಂದ್ರೆ ಎರಡು ಸೆನ್ಸರಲ್ಲಿ ಒಂದು ಸುಳ್ಳು ಹೇಳ್ತಿದೆ. ಗಾಡಿ ನಿಲ್ಸಿ ಏರ್ ಫ್ಲೋ ಸೆನ್ಸರಿನ ಸಾಕೆಟ್ ಕಿತ್ತು ಮತ್ತೆ ಓಡಿಸಿ ಅಂದ್ರು. ಇಂಜಿನ್ ಲೈಟ್ ಬಂತು, ಪಿ0102 (ಏರ್ ಫ್ಲೋ ಸೆನ್ಸರಿನ ಸಿಗ್ನಲ್ ತೀರಾ ಕಮ್ಮಿ) ಅಂತ ಕೋಡೂ ಬಂತು, ಆದ್ರೆ ಗಾಡಿ ಮಾತ್ರ ಮೊದಲಿಗಿಂತ ಚೆನ್ನಾಗಿ ಎಳೀತು! ಸೆನ್ಸರ್ ಇಲ್ಲ ಅಂದಾಗ ಇಸಿಯು, ಅಂದ್ರೆ ಇಂಜಿನ್ ನಡೆಸೋ ಕಂಪ್ಯೂಟರ್, ತನ್ನಲ್ಲಿರೋ ಅಂದಾಜು ಲೆಕ್ಕದ ಮೇಲೆ ನಡೆಸುತ್ತೆ, ಆ ಅಂದಾಜೇ ನನ್ನ ಸೆನ್ಸರಿಗಿಂತ ವಾಸಿ ಇತ್ತು.

ಈ ಸೆನ್ಸರ್ ಏರ್ ಫಿಲ್ಟರ್ ಡಬ್ಬಿ ದಾಟಿದ ತಕ್ಷಣ ಪೈಪಲ್ಲಿ ಕೂತಿರುತ್ತೆ. ಒಳಗೆ ಉಗುರಿಗಿಂತ ಚಿಕ್ಕದೊಂದು ಫಿಲ್ಮ್ ಇದೆ, ಅದನ್ನ ಕರೆಂಟ್ ಕೊಟ್ಟು ಬಿಸಿಯಾಗಿ ಇಟ್ಟಿರ್ತಾರೆ, ಬಿಸಿ ಅನ್ನಕ್ಕೆ ಬೀಸಣಿಗೆ ಬೀಸಿದ ಹಾಗೆ ಹೋಗೋ ಗಾಳಿ ಅದನ್ನ ಆರಿಸುತ್ತೆ, ಎಷ್ಟು ಆರ್ತು ಅನ್ನೋದ್ರ ಮೇಲೆ ಎಷ್ಟು ಗಾಳಿ ಹೋಯ್ತು ಅಂತ ಗೊತ್ತಾಗುತ್ತೆ. ಅದ್ರ ಮೇಲೆ ಧೂಳು ಕೂತ್ರೆ ಕಂಬಳಿ ಹೊದಿಸಿದ ಹಾಗೆ, ಎಷ್ಟು ಗಾಳಿ ಬೀಸಿದ್ರೂ ಆರಲ್ಲ. ಗಾಳಿ ಕಮ್ಮಿ ಇದೆ ಅಂತ ಇಸಿಯು ತಿಳ್ಕೊಂಡು, ಹೊಗೆ ಬರಬಾರ್ದು ಅಂತ ಡೀಸೆಲ್ ಕಟ್ ಮಾಡುತ್ತೆ. ರೀಡಿಂಗ್ ಒಂದೇ ಸಮ ಕಮ್ಮಿ ಬರ್ತಿದ್ರೆ, ತೀರಾ ಅಸಾಧ್ಯ ಅನ್ನೋ ಮಟ್ಟಕ್ಕೆ ಇಳಿಯದೇ ಇದ್ರೆ, ಕೋಡೂ ಬರಲ್ಲ. ಮೊದಲ ಗ್ಯಾರೇಜಲ್ಲಿ ಕೋಡ್ ಇಲ್ಲ ಅಂದ ತಕ್ಷಣ ಸೆನ್ಸರ್ಗಳೆಲ್ಲ ಸರಿ ಇವೆ ಅಂತ ಅಂದ್ಕೊಂಡಿದ್ದೇ ತಪ್ಪಾಗಿದ್ದು.

ಮೊದಲು ಕ್ಲೀನ್ ಮಾಡಿ ನೋಡೋಣ ಅಂದ್ರು, ಅದಕ್ಕಂತಾನೇ ಬರೋ ಸ್ಪ್ರೇ, ಕಾರ್ಬ್ ಕ್ಲೀನರ್ (ಕಾರ್ಬ್ಯುರೇಟರ್ ತೊಳೆಯೋ ಸ್ಪ್ರೇ) ಹೊಡೆದ್ರೆ ಸೆನ್ಸರ್ ಕಥೆ ಮುಗೀತು ಅಂತ ಹುಡುಗನಿಗೂ ಹೇಳಿಕೊಟ್ರು. ಬಟ್ಟೆ ಇಲ್ಲ ಬ್ರಷ್ ಇಲ್ಲ, ಬರೀ ಸ್ಪ್ರೇ, ಆಮೇಲೆ ಪೂರ್ತಿ ಒಣಗೋ ತನಕ ಕಾದ್ರು. 31 ಇದ್ದಿದ್ದು 42 ಆಯ್ತು. ಎರಡೇ ವಾರ, ಮತ್ತೆ ಇಳೀತು. ಬದಲಾಯಿಸ್ಲೇಬೇಕು ಅಂದ್ರು.

ಇಲ್ಲಿ ನಾನೊಂದು ತಪ್ಪು ಮಾಡ್ದೆ. ಆನ್‌ಲೈನಲ್ಲಿ 1,400 ರೂಪಾಯಿಗೆ ಸಿಕ್ತು ಅಂತ ಒಂದು ತರಿಸ್ದೆ, ನೋಡೋಕೆ ಹಳೇದರ ಥರಾನೇ. ಕೀ ಆನ್ ಮಾಡಿ ಇಂಜಿನ್ ಸ್ಟಾರ್ಟ್ ಮಾಡದೇ ಇದ್ದಾಗ ರೀಡಿಂಗ್ ಸೊನ್ನೆ ಹತ್ರ ಇರಬೇಕು, ಇದು ಅಲ್ಲೇ 3, 4 ಅಂತ ಕುಣೀತಿತ್ತು, ನೂರು ಕಿಮೀ ಓಡಿಸೋದ್ರೊಳಗೆ ಪಿ0101 (ಏರ್ ಫ್ಲೋ ರೀಡಿಂಗ್ ಹೊಂದ್ತಿಲ್ಲ) ಅಂತ ಕೋಡ್ ಸಮೇತ ಲೈಟ್ ಬಂತು. ವಾಪಸ್ ಕಳ್ಸಿದೆ. ಆಮೇಲೆ ಬೆಂಗಳೂರಿಗೆ ಹೋದಾಗ ಜೆ.ಸಿ. ರೋಡಲ್ಲಿ ಹಳೇ ಸೆನ್ಸರ್ ಮೇಲಿನ ನಂಬರ್ ತೋರಿಸಿ ಅದೇ ನಂಬರಿನ ಬಾಷ್ ಸೆನ್ಸರ್ ತಂದೆ, ಬಿಲ್ ಸಮೇತ 5,200. ದುಬಾರಿನೇ, ಆದ್ರೆ ಎರಡನ್ನೂ ಕೈಯಲ್ಲಿ ಹಿಡಿದು ನೋಡಿದ್ರೆ ಗೊತ್ತಾಗುತ್ತೆ, ನಂಬರ್ ಅಚ್ಚು ಸ್ಪಷ್ಟ, ಪ್ಲಾಸ್ಟಿಕ್ ಅಂಚು ನುಣುಪು, ಸಾಕೆಟ್ ಚಟ್ ಅಂತ ಕೂರುತ್ತೆ. ಬಾಷ್‌ಗೆ ಐದಕ್ಕೆ ಐದು ಕೊಡ್ತೀನಿ.

ಹಾಕೋ ಕೆಲಸ ಇಪ್ಪತ್ತು ನಿಮಿಷ ಅಷ್ಟೇ, ಬ್ಯಾಟರಿ ನೆಗೆಟಿವ್ ತೆಗೆದು, ಸಾಕೆಟ್ ಲಾಕ್ ಒತ್ತಿ ಬಿಡಿಸಿ, ಎರಡು ಸ್ಟಾರ್ ಸ್ಕ್ರೂ. ಗಾಳಿ ಹೋಗೋ ದಿಕ್ಕಿಗೆ ಬಾಣದ ಗುರುತು ಇರುತ್ತೆ, ಅದನ್ನ ನೋಡ್ಕೊಂಡು ಕೂರಿಸ್ಬೇಕು. ಆದ್ರೆ ಈ ಮೇಸ್ತ್ರಿ ಹೊಸದನ್ನ ಡಬ್ಬಿಯಿಂದ ತೆಗೀಲೇ ಇಲ್ಲ, ಮೊದಲು ಏರ್ ಫಿಲ್ಟರ್ ಡಬ್ಬಿ ಬಿಚ್ಚಿದ್ರು. "ಕೈ ಹಾಕಿ ಸಾರ್" ಅಂದ್ರು. ಫಿಲ್ಟರ್ ಆದ್ಮೇಲಿನ ಭಾಗ, ಅಂದ್ರೆ ಶುದ್ಧ ಗಾಳಿ ಇರಬೇಕಾದ ಕಡೆ ಬೆರಳಾಡಿಸ್ದೆ, ಕುಂಕುಮ ಮುಟ್ಟಿದ ಹಾಗೆ ಕೆಂಪು. ಫಿಲ್ಟರಿನ ರಬ್ಬರ್ ಅಂಚು ಒಂದು ಮೂಲೇಲಿ ಕೂತೇ ಇರಲಿಲ್ಲ, ಅಲ್ಲಿಂದ ಸೀದಾ ಒಂದು ಕೆಂಪು ಗೆರೆ ಪೈಪಿನ ತನಕ ಹೋಗಿತ್ತು. ಹೋದ ಸಲ ಸರ್ವಿಸ್‌ನಲ್ಲಿ ಯಾರೋ ಹಾಕಿದ್ದ 150 ರೂಪಾಯಿ ಲೋಕಲ್ ಫಿಲ್ಟರ್. ಇದನ್ನ ನೋಡ್ದೇ ಹೊಸ ಸೆನ್ಸರ್ ಹಾಕಿದ್ರೆ ಅದೂ ವರ್ಷದೊಳಗೆ ಹಾಳಾಗ್ತಿತ್ತು, ಟರ್ಬೋ ಬ್ಲೇಡಿಗೂ ಆ ಧೂಳೇ ಹೊಡೀತಿತ್ತು. ಡಬ್ಬಿ, ಪೈಪು ಎಲ್ಲ ಒದ್ದೆ ಬಟ್ಟೇಲಿ ಒರೆಸಿ, ಒಣಗಿಸಿ, ಕಂಪನಿ ಫಿಲ್ಟರ್ ಹಾಕಿ, ನಾಲ್ಕು ಮೂಲೇನೂ ಬೆರಳಲ್ಲಿ ಒತ್ತಿ ನೋಡಿ, ಆಮೇಲೆ ಸೆನ್ಸರ್ ಕೂರಿಸಿದ್ರು.

ಅದೇ ರೋಡು, ಅದೇ ಗೇರು, 3000 ಆರ್‌ಪಿಎಂ. 57 ಗ್ರಾಂ. ವಾಪಸ್ ಬರೋವಾಗ ಅದೇ ಏರಲ್ಲಿ ಥರ್ಡ್ ಗೇರಲ್ಲೇ ಒಂದು ಖಾಲಿ ಟಿಪ್ಪರ್ ದಾಟಿಸ್ದೆ, ಖುಷಿಗೆ ಮನೆಗೆ ಫೋನ್ ಮಾಡಿ ಹೇಳಿದೆ.

ಚೆಕಿಂಗಿಗೆ 500, ಕ್ಲೀನಿಂಗಿಗೆ 250, ಫಿಟ್ಟಿಂಗಿಗೆ 300 ತಗೊಂಡ್ರು, ಸೆನ್ಸರ್ ನಾನೇ ತಂದಿದ್ದಕ್ಕೆ ಮುಖ ಸಿಂಡರಿಸಲಿಲ್ಲ. ಅವ್ರ ಬಗ್ಗೆ ಬೇಜಾರಿರೋದು ಎರಡೇ. ಫೋನ್ ಎತ್ತೋದೇ ಇಲ್ಲ, ಮತ್ತೆ ಹೇಳಿದ ಟೈಮಿಗೆ ಗಾಡಿ ಸಿಗಲ್ಲ, ನನಗೆ ಕ್ಲೀನಿಂಗ್ ದಿನ ಮಧ್ಯಾಹ್ನ ಅಂತ ಹೇಳಿ ಕೊಟ್ಟಿದ್ದು ರಾತ್ರಿ ಎಂಟಕ್ಕೆ. ಕೂರೋಕೆ ಒಂದು ಬೆಂಚ್ ಬಿಟ್ರೆ ಏನಿಲ್ಲ. ಆದ್ರೂ ಅವತ್ತು ಆ ಕೆಂಪು ಗೆರೆ ಕರೆದು ತೋರಿಸಿದ್ದಕ್ಕೆ ನಾನು ಇನ್ನು ಬೇರೆ ಕಡೆ ಹೋಗಲ್ಲ. ಸಂಡೂರು, ತೋರಣಗಲ್ಲು ಕಡೆ ಗಾಡಿ ಓಡಿಸೋರು ಈ ವಾರಾನೇ ಒಂದ್ಸಲ ಫಿಲ್ಟರ್ ಡಬ್ಬಿ ಬಿಚ್ಚಿ ಫಿಲ್ಟರ್ ಆದ್ಮೇಲಿನ ಶುದ್ಧ ಗಾಳಿಯ ಕಡೆ ಬೆರಳಾಡಿಸಿ ನೋಡಿ. ಗ್ಯಾರೇಜಿಗೆ ಹೋಗೋದಾದ್ರೆ ಬೆಳಗ್ಗೆ ಒಂಬತ್ತರೊಳಗೆ ಹೋಗಿ, ಭಾನುವಾರ ರಜ.