ಕಾಶಿಯಲ್ಲಿ ‘ಫುಲ್ ಡೇ ಟೂರ್’ ಬುಕ್ ಮಾಡೋ ಮುಂಚೆ ಇದನ್ನು ಓದಿ

ಕಾಶಿಗೆ ಹೊರಟಿದ್ದೀರಾ? ಅದರಲ್ಲೂ ವಯಸ್ಸಾದವರನ್ನು ಜೊತೆಗೆ ಕರ್ಕೊಂಡು ಹೋಗ್ತಿದ್ದೀರಾ? ಹಾಗಿದ್ದರೆ ವಿಶ್ವನಾಥ ದೇವಸ್ಥಾನದ ಹತ್ತಿರದ ಗೋದೌಲಿಯಾ ಸುತ್ತಮುತ್ತ ಲಾಡ್ಜ್ ಬಾಗಿಲಲ್ಲೇ ಮಾರುವ ಪೂರ್ತಿ ದಿನದ ಟೂರ್ ದಯವಿಟ್ಟು ತಗೋಬೇಡಿ. ದುಡ್ಡು ಹೋದರೆ ಹೋಗಲಿ, ಮತ್ತೆ ದುಡಿಯಬಹುದು. ಸಾಯೋ ಮುಂಚೆ ಒಮ್ಮೆ ಕಾಶಿ ನೋಡಬೇಕು ಅಂತ ವರ್ಷಗಟ್ಟಲೆ ಕಾದವರ ಮನಸ್ಸು ಮುರಿಯುತ್ತಲ್ಲ, ಅದನ್ನು ಸರಿ ಮಾಡೋದು ಕಷ್ಟ. ನಮ್ಮಮ್ಮನಿಗೆ ಆಗಿದ್ದು ಅದೇ.

ಈಗ ಕರ್ನಾಟಕದಿಂದ ಕಾಶಿಗೆ ಹೋಗೋರು ತುಂಬ ಜನ. 2022ರಲ್ಲಿ ರಾಜ್ಯ ಸರ್ಕಾರದ ಸಹಾಯಧನ ಬಂತು, ಬೆಂಗಳೂರಿನಿಂದ ಭಾರತ್ ಗೌರವ್ ಕಾಶಿ ದರ್ಶನ ರೈಲೂ ಶುರುವಾಯಿತು. ಕನ್ನಡದವರು ಬರ್ತಾರೆ ಅಂತ ಅಲ್ಲಿನ ಗೈಡುಗಳಿಗೆ ಚೆನ್ನಾಗಿ ಗೊತ್ತು. ನಾಲ್ಕು ಕನ್ನಡ ಮಾತು ಕಲಿತಿರ್ತಾರೆ. “ಬನ್ನಿ ಅಮ್ಮ, ಊಟ ಆಯ್ತಾ” ಅಂದರೆ ಸಾಕು, ನಮ್ಮವರು ಕರಗಿಹೋಗ್ತಾರೆ.

ನಾವು ಹೋಗಿದ್ದು ಅಮ್ಮ, ಸೋದರತ್ತೆ ಮತ್ತು ನಾನು. ತಲೆಗೆ 1,500 ರೂಪಾಯಿ. ಕಾರು, ಗೈಡ್, ವಿಶ್ವನಾಥನ ವಿಐಪಿ ದರ್ಶನ, ಸಾರನಾಥ, ಸಂಜೆ ದೋಣಿಯಲ್ಲಿ ಕೂತು ಗಂಗಾರತಿ, ಎಲ್ಲಾ ಸೇರಿ ಅಂತ ಬಾಯಲ್ಲಿ ಹೇಳಿದರು. ಕೊಟ್ಟ ಚೀಟಿಯಲ್ಲಿ ಇದ್ದದ್ದು ‘ಫುಲ್ ಡೇ, ಮೂರು ಜನ’ ಅಂತ ಅಷ್ಟೇ.

ಬೆಳಿಗ್ಗೆ ಮೊದಲು ನಿಲ್ಲಿಸಿದ್ದೇ ಒಂದು ಹೂವಿನ ಅಂಗಡಿ ಮುಂದೆ. ದೇವಸ್ಥಾನದೊಳಗೆ ಮೊಬೈಲ್ ಬಿಡೋದಿಲ್ಲ, ಅದು ನಿಜ. ಲಾಕರ್ ಫ್ರೀ ಅಂದರು. ಆದರೆ ಬುಟ್ಟಿ ಅಲ್ಲೇ ಕೊಳ್ಳಬೇಕು. ಹೂವು, ಬಿಲ್ವಪತ್ರೆ, ಒಂದು ಸಣ್ಣ ಡಬ್ಬಿ ಪೇಡ, ಮೂವರಿಗೂ ಬೇರೆ ಬೇರೆ. ಆಮೇಲೆ ಇನ್ನೊಬ್ಬ ಬಂದ. ವಿಐಪಿ ದರ್ಶನಕ್ಕೆ ಇವರೇ ಕರ್ಕೊಂಡು ಹೋಗ್ತಾರೆ, ಇವರ ಕೈಗೆ ಬೇರೆ ಕೊಡಬೇಕು ಅಂದ ಗೈಡ್. ಕೊಟ್ಟೆವು. ಅವನು ಎರಡು ಗಲ್ಲಿ ಸುತ್ತಿಸಿ, ಎಲ್ಲರೂ ನಿಂತಿದ್ದ ಮಾಮೂಲಿ ಸಾಲಿನ ಬಾಲಕ್ಕೇ ತಂದು ನಿಲ್ಲಿಸಿ ಹೊರಟುಹೋದ. ಬೇಗ ದರ್ಶನ ಬೇಕಿದ್ದರೆ ದೇವಸ್ಥಾನದ ಟ್ರಸ್ಟೇ ‘ಸುಗಮ ದರ್ಶನ’ ಅಂತ ಟಿಕೆಟ್ ಕೊಡುತ್ತೆ. ಅವರ ವೆಬ್‌ಸೈಟಿನಲ್ಲೂ ಸಿಗುತ್ತೆ, ಕೌಂಟರಿನಲ್ಲೂ ಸಿಗುತ್ತೆ. ರಸೀದಿ ಇಲ್ಲದೆ ಯಾರ ಕೈಗೂ ದುಡ್ಡು ಕೊಡಬೇಡಿ.

ಇಷ್ಟೇ ಆಗಿದ್ದರೆ ನಾನು ಬರೆಯೋಕೆ ಕೂರ್ತಿರಲಿಲ್ಲ. ಯಾತ್ರಾಸ್ಥಳದಲ್ಲಿ ನೂರಿನ್ನೂರು ಜಾಸ್ತಿ ಹೋಗೋದು ಇದ್ದದ್ದೇ.

ದರ್ಶನ ಆದಮೇಲೆ ಗೈಡ್ ನಮ್ಮನ್ನು ಘಾಟಿಗೆ ಕರ್ಕೊಂಡು ಹೋದ. ಗಂಗೆಗೆ ಒಂದು ಪೂಜೆ, ಇದೂ ಟೂರಿನಲ್ಲೇ ಸೇರಿದೆ ಅಂದ. ಛತ್ರಿ ಕೆಳಗೆ ಒಬ್ಬ ಪುರೋಹಿತರು ಕೂತಿದ್ದರು. ಅಮ್ಮನನ್ನು ಮೆಟ್ಟಿಲ ಮೇಲೆ ಕೂರಿಸಿ, ಅಂಗೈಯಲ್ಲಿ ಗಂಗಾಜಲ, ದರ್ಭೆ, ಒಂದು ಚೆಂಡು ಹೂವು ಇಟ್ಟರು. ಸಂಕಲ್ಪ ಶುರುವಾಯಿತು. ಅಪ್ಪನ ಹೆಸರು, ಗೋತ್ರ, ತಾತನ ಹೆಸರು ಕೇಳಿದರು. ಅಪ್ಪ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೆಸರು ಹೇಳುವಾಗಲೇ ಅಮ್ಮನ ಗಂಟಲು ಕಟ್ಟಿತು. ಅವರು ಒಂದೊಂದೇ ಮಾತು ಹೇಳಿಕೊಡ್ತಾ ಹೋದರು, ಅಮ್ಮ ಹೇಳ್ತಾ ಹೋದಳು. ಅದೇ ರಾಗದಲ್ಲಿ, ಮಂತ್ರದ ನಡುವೆಯೇ, “ಪಾಂಚ್ ಹಜಾರ್ ಏಕ್ ರುಪಯಾ ದಕ್ಷಿಣಾ”, ಅಂದರೆ ಐದು ಸಾವಿರದ ಒಂದು ರೂಪಾಯಿ ದಕ್ಷಿಣೆ, ಅಂತಲೂ ಹೇಳಿಸಿದರು. ಅಮ್ಮನಿಗೆ ಹಿಂದಿ ಬರೋದಿಲ್ಲ. ಅದನ್ನೂ ಹೇಳಿದಳು. ನೀರು ಬಿಡಿ ಅಂದರು, ಬಿಟ್ಟಳು.

ತಕ್ಷಣ ಅವರ ಮುಖ ಬದಲಾಯಿತು. ದುಡ್ಡು ತೆಗೀರಿ ಅಂದರು. ನಾನು ತಡೆದೆ. ಟೂರಿನಲ್ಲಿ ಸೇರಿದೆ ಅಂದಿದ್ದರಲ್ಲ ಅಂತ ಗೈಡ್ ಕಡೆ ತಿರುಗಿದರೆ, ಅವನು ದೂರದಲ್ಲಿ ಫೋನಿನಲ್ಲಿದ್ದ. “ಗಂಗೆ ಕೈಯಲ್ಲಿದ್ದಾಗ ಅವರೇ ಬಾಯಿಬಿಟ್ಟು ಹೇಳಿದ್ದು. ಕೊಡದಿದ್ದರೆ ಗಂಡನಿಗೆ ಸದ್ಗತಿ ಇಲ್ಲ” ಅಂದರು. ಈ ಮಾತನ್ನು ಮಾತ್ರ ಅಮ್ಮನಿಗೆ ಅರ್ಥವಾಗೋ ಹಾಗೆ, ಒಡಕು ಕನ್ನಡದಲ್ಲಿ ಹೇಳಿದರು. ಅಮ್ಮ ನನ್ನ ಕೈ ತಳ್ಳಿ, ಸೀರೆ ಸೆರಗಿನ ಗಂಟು ಬಿಚ್ಚಿ, ದಾರಿಖರ್ಚಿಗೆ ಅಂತ ಇಟ್ಟುಕೊಂಡಿದ್ದ ನೋಟುಗಳನ್ನು ಅವರ ಮುಂದೆ ಇಟ್ಟಳು. ಸಾಲದಿದ್ದದ್ದನ್ನು ಅತ್ತೆ ಕೊಟ್ಟರು. ಆಮೇಲೆ ಇಡೀ ದಿನ ಅಮ್ಮ ಮಾತಾಡಲಿಲ್ಲ. ದುಡ್ಡು ಹೋಯ್ತು ಅಂತಲ್ಲ. “ನಾನು ಕೊಡೋಕೆ ಹಿಂದೆಮುಂದೆ ನೋಡಿದೆನಲ್ಲ, ಅವರಿಗೆ ಏನಾದರೂ ದೋಷ ಬಂತಾ” ಅಂತ ರಾತ್ರಿ ಕೇಳಿದಳು. ನನಗೆ ಸಿಟ್ಟು ಬಂದಿರೋದು ಈ ಒಂದು ಮಾತಿಗೆ.

ಊರಿಗೆ ಬಂದಮೇಲೆ ನಮ್ಮ ಮನೆ ಪುರೋಹಿತರನ್ನು ಕೇಳಿದೆ. ಸಂಕಲ್ಪದಲ್ಲಿ ಹೇಳಬೇಕಾದದ್ದು ‘ಯಥಾಶಕ್ತಿ’ ಅಂತ, ಮೊತ್ತ ಹೇಳಿಸೋ ಪದ್ಧತಿ ಎಲ್ಲಿಯದು ಅಂತ ಅವರೇ ಬೇಜಾರು ಮಾಡಿಕೊಂಡರು. ಹಾಗಾಗಿ ಹೊರಡೋ ಮುಂಚೆಯೇ ಮನೆಯಲ್ಲಿ ಹಿರಿಯರಿಗೆ ಹೇಳಿಡಿ. ಯಾರಾದರೂ ಸಾವಿರದ ಲೆಕ್ಕ ಹೇಳಿಸಿದರೆ ಯಥಾಶಕ್ತಿ ಅಂತಷ್ಟೇ ಹೇಳಲಿ, ಅದರಿಂದ ಪಿತೃಗಳಿಗೆ ಏನೂ ಆಗೋದಿಲ್ಲ ಅಂತ ಮೊದಲೇ ಧೈರ್ಯ ತುಂಬಿ. ಪಿಂಡ ಇಡೋದಿದ್ದರೆ ದಕ್ಷಿಣೆ, ಸಾಮಾನು ಎರಡನ್ನೂ ಕೂರೋ ಮುಂಚೆಯೇ ಮಾತಾಡಿ. ಹರಿಶ್ಚಂದ್ರ ಘಾಟಿನ ಪಕ್ಕದಲ್ಲೇ ಕರ್ನಾಟಕ ಘಾಟ್ ಇದೆ, ಅಲ್ಲಿ ನಮ್ಮ ರಾಜ್ಯದ ಛತ್ರ ಇದೆ. ಹನುಮಾನ್ ಘಾಟ್ ಸುತ್ತ ದಕ್ಷಿಣದ ಪುರೋಹಿತರ ಮನೆಗಳಿವೆ. ಗೋದೌಲಿಯಾ ಹತ್ತಿರ ಜಂಗಮವಾಡಿ ಮಠ ಇದೆ. ಇಂಥ ಕಡೆ ವಿಚಾರಿಸಿ. ಗೈಡ್ ತೋರಿಸಿದ ಛತ್ರಿ ಕೆಳಗೆ ಕೂರಬೇಡಿ.

ಮಧ್ಯಾಹ್ನ ಸಾರನಾಥ. ಊರಿನಿಂದ ಸುಮಾರು 10 ಕಿಲೋಮೀಟರ್. ನಮ್ಮ ರಾಷ್ಟ್ರಲಾಂಛನದ ಮೂಲ, ಅಶೋಕನ ಸಿಂಹಗಳು, ಅಲ್ಲಿನ ಮ್ಯೂಸಿಯಂನಲ್ಲಿದೆ. ಅತ್ತೆ ಮೇಷ್ಟ್ರಾಗಿದ್ದವರು, ಅದನ್ನು ನೋಡಬೇಕು ಅಂತಲೇ ಬಂದಿದ್ದರು. ಬಾಗಿಲು ಹಾಕಿತ್ತು. “ಇವತ್ತು ಯಾಕೋ ರಜ” ಅಂದ ಗೈಡ್. ಆ ಮ್ಯೂಸಿಯಂಗೆ ಪ್ರತಿ ಶುಕ್ರವಾರ ರಜ! ದಿನಾ ಟೂರ್ ಮಾಡೋನಿಗೆ ಇದು ಗೊತ್ತಿಲ್ಲದೆ ಇರುತ್ತಾ? ಧಮೇಕ್ ಸ್ತೂಪದ ಹತ್ತಿರ ಕಾಲು ಗಂಟೆ ಬಿಟ್ಟರು. ಅಲ್ಲಿಂದ ನೇರ ಸೀರೆ ಅಂಗಡಿಗೆ.

ಅದಕ್ಕೆ ‘ನೇಕಾರರ ಕೇಂದ್ರ’ ಅಂತ ಹೆಸರು. ಬಾಗಿಲಲ್ಲಿ ಒಂದೇ ಒಂದು ಮಗ್ಗ, ಒಬ್ಬ ಮುದುಕ ಲಾಳಿ ಆಡಿಸ್ತಾ ಇದ್ದ. ಮಹಡಿ ಮೇಲೆ ದೊಡ್ಡ ಅಂಗಡಿ. ಸ್ತೂಪಕ್ಕೆ ಸಿಕ್ಕಿದ್ದಕ್ಕಿಂತ ಎಷ್ಟೋ ಜಾಸ್ತಿ ಹೊತ್ತು ಅಲ್ಲೇ ಹೋಯಿತು. ಏನೂ ಕೊಳ್ಳದೆ ಕೆಳಗಿಳಿದಾಗ ಗೈಡ್ ಮಾತು ನಿಲ್ಲಿಸಿದ. ಬನಾರಸಿ ಸೀರೆ ಬೇಕೇ ಬೇಕು ಅನ್ನೋರು ಸಿಲ್ಕ್ ಮಾರ್ಕ್ ಚೀಟಿ ಕೇಳಿ ತಗೊಳ್ಳಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ಗೆ ಹೆಸರು ಕೊಟ್ಟ ಕೇಂದ್ರ ರೇಷ್ಮೆ ಮಂಡಳಿಯದೇ ಗುರುತು ಅದು. ರೇಷ್ಮೆ ಅಸಲಿ ಅಂತ ಅದರಿಂದ ಗೊತ್ತಾಗುತ್ತೆ. ಕೈಮಗ್ಗದ್ದಾ ಅಂತ ತಿಳಿಯೋಕೆ ಹ್ಯಾಂಡ್‌ಲೂಮ್ ಮಾರ್ಕ್ ಬೇರೆ ಇದೆ.

ದೋಣಿ ವಿಷಯ ಚಿಕ್ಕದಾಗಿ ಹೇಳ್ತೀನಿ. ಹೆಣ ಸುಡುವ ಮಣಿಕರ್ಣಿಕಾ ಘಾಟ್ ಕಡೆ ತಿರುಗಿಸಿ, ನಡುನೀರಿನಲ್ಲಿ ನಿಲ್ಲಿಸಿ, ಇಲ್ಲಿವರೆಗಿನದು ಬೇರೆ ರೇಟು ಅಂದರು. ಲೈಫ್ ಜಾಕೆಟ್ ಇರಲಿಲ್ಲ. ಆರತಿ ಹೊತ್ತಿಗೆ ವಾಪಸ್ ಬಂದಾಗ ಮುಂದೆ ಹತ್ತಾರು ದೋಣಿ ನಿಂತಿದ್ದವು, ಅಮ್ಮನಿಗೆ ಕಂಡಿದ್ದು ಬರೀ ತಲೆಗಳು. ಹತ್ತೋ ಮುಂಚೆ ರೇಟು ಪೂರ್ತಿ ಮಾತಾಡಿ, ದುಡ್ಡು ಇಳಿದಮೇಲೆ ಕೊಡಿ. ಮಳೆಗಾಲದಲ್ಲಿ ನೀರು ಏರಿದರೆ ದೋಣಿ ನಿಲ್ಲಿಸ್ತಾರೆ, ಆರತಿಯೂ ಮೆಟ್ಟಿಲಿನಿಂದ ಮಾಳಿಗೆ ಮೇಲಕ್ಕೆ ಹೋಗುತ್ತೆ. ಆಗ ದೋಣಿಗೆ ಅಂತ ಮುಂಗಡ ಕೊಡಲೇಬೇಡಿ. ಮಣಿಕರ್ಣಿಕಾದಲ್ಲಿ “ಅನಾಥ ಹೆಣಕ್ಕೆ ಸೌದೆ” ಅಂತ ಕೆಜಿ ಲೆಕ್ಕದಲ್ಲಿ ದುಡ್ಡು ಕೇಳೋರು ಸಿಗ್ತಾರೆ, ನಿಲ್ಲದೆ ನಡೆದುಬಿಡಿ.

ಇಷ್ಟಕ್ಕೂ ವಿಶ್ವನಾಥ, ಅನ್ನಪೂರ್ಣೆ, ದಶಾಶ್ವಮೇಧ ಘಾಟ್, ಮಣಿಕರ್ಣಿಕಾ ಎಲ್ಲಾ ನಡೆದೇ ಹೋಗೋ ದೂರದಲ್ಲಿವೆ. ಕಾಲಭೈರವನ ಗುಡಿಗೆ, ಅಸ್ಸಿ ಘಾಟಿಗೆ ಇ-ರಿಕ್ಷಾ ಸಿಗುತ್ತೆ. ಸಾರನಾಥಕ್ಕೆ ಹೋಗಿ ಬರೋಕೆ ಆಟೋ ಸಾಕು, ಶುಕ್ರವಾರ ಬಿಟ್ಟು ಹೋಗಿ. ಯಾರಾದರೂ ಜಗಳಕ್ಕೆ ಬಂದರೆ 112ಕ್ಕೆ ಫೋನ್ ಮಾಡಿ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸಹಾಯವಾಣಿ 1363, ಹಿಂದಿ ಅಥವಾ ಇಂಗ್ಲಿಷಿನಲ್ಲಿ ಮಾತಾಡಬೇಕಾಗುತ್ತೆ. ಎರಡೂ ನಂಬರನ್ನು ಹಿರಿಯರ ಫೋನಿನಲ್ಲೂ ಸೇವ್ ಮಾಡಿಕೊಡಿ.